ಹುರಿದ ಹಿಟ್ಟಿನ ಉಂಡಿ: ಹಿಟ್ಟು ಹೆಚ್ಚೋ, ಬೆಲ್ಲ ಹೆಚ್ಚೋ?

ಸಿಹಿ ತಿನ್ನುವ ವಿಷಯದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಜನರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರು ಸಿಕ್ಕಲ್ಲೆಲ್ಲ ಇಲ್ಲಿ ಕಬ್ಬು ನಿಂತಿದೆ. ಸ್ವಾತಂತ್ರ್ಯ ಬರುವ ಮೊದಲೇ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ ಕಂಡ ನಾಡು ಇದು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಎಂದು ಸಹಕಾರಿ ಕಾರ್ಖಾನೆಗಳ ಹೆಸರುಗಳನ್ನು ಶಾಲೆಯ ಹುಡುಗರೂ ಹೇಳಬಲ್ಲರು. ಹಬ್ಬಕ್ಕೆ ಹೋಳಿಗೆ, ಮದುವೆಗೆ ಮಾದಲಿ, ಪಂಚಮಿಗೆ ಉಂಡಿ, ಬಾಣಂತಿಗೆ ಅಂಟಿನ ಉಂಡಿ ಎಂದು ಸಿಹಿಗೆ ನಮ್ಮಲ್ಲಿ ಕಾರಣಗಳಿಗೂ ಕೊರತೆಯಿಲ್ಲ. ಹೀಗಿರುವಾಗ ದೂರದ ಟಿಬೆಟಿನವರು ತಿನ್ನುವ ಹುರಿದ ಹಿಟ್ಟಿನ ಸಿಹಿ ತಿನಿಸಿನ ಬಗ್ಗೆ ಆರೋಗ್ಯದ ಅಂಕಣದಲ್ಲಿ ಬರೆಯುವ ಅಗತ್ಯವೇನು ಎಂದು ಓದುಗರು ಕೇಳಬಹುದು.

ಕಾರಣವಿದೆ. ಈಚೆಗೆ ಎರಡು ಮಾತುಗಳು ಮನೆಮನೆಗಳಲ್ಲಿ ಕೇಳಿಬರುತ್ತಿವೆ. "ಮಕ್ಕಳಿಗೆ ಬಿಸ್ಕೀಟು ಕೊಡಬೇಡಿ, ಮನೆಯಲ್ಲಿ ಕಟ್ಟಿದ ಉಂಡಿ ಎಷ್ಟು ತಿಂದರೂ ನಡೆಯುತ್ತದೆ" ಎನ್ನುವುದು ಒಂದು. "ಬಾರ್ಲಿ ಅಥವಾ ಖಪಲಿ ಗೋಧಿಯ ಉಂಡಿ, ಅದೂ ಬೆಲ್ಲ ಹಾಕಿದ್ದು, ಸಕ್ಕರೆ ಕಾಯಿಲೆಯವರಿಗೂ ತೊಂದರೆಯಿಲ್ಲ" ಎನ್ನುವುದು ಇನ್ನೊಂದು. ಮೊದಲನೆಯ ಮಾತು ಅರ್ಧ ನಿಜ. ಎರಡನೆಯದು ಅಪಾಯದ ಮಾತು. ಇವೆರಡನ್ನೂ ಸರಿಯಾಗಿ ತಿಳಿಯಲು ಟಿಬೆಟಿನವರ ಅಡುಗೆಯ ಒಂದು ಸಣ್ಣ ಕ್ರಮ ನಮಗೆ ನೆರವಾಗುತ್ತದೆ. ಅವರು ಹಿಟ್ಟನ್ನು ಉಂಡೆ ಮಾಡುವುದು ಬೆಲ್ಲದ ಪಾಕದಿಂದಲ್ಲ. ಆ ಒಂದು ಅಂಶ ನಮ್ಮ ಅಡುಗೆಮನೆಗೆ ಬಂದರೆ ಉಂಡಿಯಲ್ಲಿನ ಬೆಲ್ಲವನ್ನು ಅರ್ಧಕ್ಕಿಂತ ಕಡಿಮೆ ಮಾಡಬಹುದು ಎಂಬುದೇ ಈ ವಾರದ ಲೇಖನದ ಸಾರ.

ತ್ಸಾಂಪಾ ಎಂದರೇನು?

ನಮ್ಮ ರಾಜ್ಯದಲ್ಲಿ ಟಿಬೆಟಿನವರು ನೆಲೆಸಿ ಆರು ದಶಕಗಳೇ ಕಳೆದಿವೆ. 1960ರ ದಶಕದ ಆರಂಭದಲ್ಲಿ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ, 1966ರಲ್ಲಿ ಉತ್ತರ ಕನ್ನಡದ ಮುಂಡಗೋಡದಲ್ಲಿ ಅವರ ವಸತಿಗಳು ಆರಂಭವಾದವು. ಚಳಿಗಾಲ ಬಂತೆಂದರೆ ಬೆಳಗಾವಿ, ಹುಬ್ಬಳ್ಳಿಯಂಥ ಊರುಗಳಲ್ಲಿ ಸ್ವೆಟರ್ ಮಾರುವ ಟಿಬೆಟಿನವರನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ನೋಡಿರುತ್ತಾರೆ. ಅವರ ಪರಂಪರೆಯ ನಿತ್ಯದ ಆಹಾರವೇ ತ್ಸಾಂಪಾ, ಅಂದರೆ ಹುರಿದ ಬಾರ್ಲಿಯ ಹಿಟ್ಟು.

ಟಿಬೆಟಿನ ಎತ್ತರದ ಬಯಲುಗಳಲ್ಲಿ ಭತ್ತ ಬೆಳೆಯುವುದಿಲ್ಲ, ಉರುವಲು ಕಡಿಮೆ, ಎತ್ತರದಿಂದಾಗಿ ನೀರು ಕಡಿಮೆ ಶಾಖದಲ್ಲೇ ಕುದಿಯುವುದರಿಂದ ಧಾನ್ಯ ಬೇಯಲು ಬಹಳ ಹೊತ್ತು ಬೇಕು. ಅಂಥ ಕಡೆ ಒಮ್ಮೆ ಹುರಿದು ಬೀಸಿಟ್ಟ ಹಿಟ್ಟು ದೊಡ್ಡ ಅನುಕೂಲ. ಬಾರ್ಲಿಯನ್ನು ತೊಳೆದು, ಬಿಸಿ ಮರಳಿನಲ್ಲಿ ಹುರಿದು, ಮರಳನ್ನು ಜರಡಿ ಹಿಡಿದು ತೆಗೆದು, ಕಾಳನ್ನು ಬೀಸುತ್ತಾರೆ. ನಮ್ಮ ಊರುಗಳ ಚುರಮುರಿ ಭಟ್ಟಿಯಲ್ಲಿ ಬಿಸಿ ಮರಳಿನಲ್ಲಿ ಹುರಿಯುವುದನ್ನು ಕಂಡವರಿಗೆ ಈ ಕ್ರಮ ಹೊಸದೆನಿಸದು. ಹುರಿದ ಹಿಟ್ಟನ್ನು ಮತ್ತೆ ಬೇಯಿಸಬೇಕಾಗಿಲ್ಲ. ಬಟ್ಟಲಿನಲ್ಲಿ ಸ್ವಲ್ಪ ಬೆಣ್ಣೆ ಹಾಕಿದ ಉಪ್ಪಿನ ಚಹಾ ಉಳಿಸಿಕೊಂಡು, ಅದಕ್ಕೆ ಹಿಟ್ಟು ಹಾಕಿ, ಬೆರಳಿನಿಂದ ನಾದಿ ಮುದ್ದೆ ಮಾಡಿ ತಿನ್ನುತ್ತಾರೆ. ಮಕ್ಕಳಿಗೆ, ಹಬ್ಬಕ್ಕೆ ಬೇಕಾದಾಗ ಅದೇ ಹಿಟ್ಟಿಗೆ ಬೆಣ್ಣೆ, ಸಕ್ಕರೆ, ಒಣಗಿಸಿದ ಗಿಣ್ಣದ ಪುಡಿ ಬೆರೆಸಿದರೆ ಸಿಹಿ ತಿನಿಸು ಸಿದ್ಧ. ಲೋಸರ್ ಎಂಬ ಅವರ ಹೊಸ ವರ್ಷದ ಹಬ್ಬದಲ್ಲಿ ಬೆಣ್ಣೆ, ಸಕ್ಕರೆ ಬೆರೆಸಿದ ತ್ಸಾಂಪಾವನ್ನು ಅಲಂಕರಿಸಿದ ಮರದ ಪೆಟ್ಟಿಗೆಯಲ್ಲಿಟ್ಟು ಮನೆಗೆ ಬಂದವರ ಮುಂದೆ ಹಿಡಿಯುತ್ತಾರೆ. ಬಂದವರು ಒಂದು ಚಿಟಿಕೆ ತೆಗೆದು ಗಾಳಿಗೆ ತೂರಿ, ಸ್ವಲ್ಪ ಬಾಯಿಗೆ ಹಾಕಿಕೊಳ್ಳುತ್ತಾರೆ.

ಇಲ್ಲಿ ಗಮನಿಸಬೇಕಾದದ್ದು ಉಂಡೆ ಕಟ್ಟುವ ಬಗೆ. ಹಿಟ್ಟನ್ನು ಹಿಡಿದಿಡುವುದು ಬಿಸಿ ದ್ರವ ಮತ್ತು ಬೆಣ್ಣೆ. ಸಕ್ಕರೆ ಕೇವಲ ರುಚಿಗೆ. ಬೇಕಾದಷ್ಟು ಹಾಕಬಹುದು, ಬೇಡವಾದರೆ ಬಿಡಬಹುದು. ಉಂಡೆ ಒಡೆಯುವುದಿಲ್ಲ.

ನಮ್ಮ ಮನೆಯ ಹುರಿದ ಹಿಟ್ಟುಗಳು

ಹುರಿದ ಹಿಟ್ಟಿನ ತಿನಿಸು ನಮಗೇನೂ ಹೊಸದಲ್ಲ. ನಾಗರ ಪಂಚಮಿಯಲ್ಲಿ ಜೋಳದ ಅಳ್ಳು ಹುರಿದು ಬೀಸಿದ ಅಳ್ಳಿಟ್ಟು, ಗೋಧಿ ಮತ್ತು ಪುಟಾಣಿ ಹಿಟ್ಟಿನ ತಂಬಿಟ್ಟು ಉತ್ತರ ಕರ್ನಾಟಕದ ಮನೆಗಳ ಹಳೆಯ ತಿನಿಸುಗಳು. ಉತ್ತರ ಭಾರತದ ಸತ್ತು ಕೂಡ ಇದೇ ಬಳಗದ್ದು. ಹುರಿಯುವುದರಿಂದ ಧಾನ್ಯದ ತೇವ ಹೋಗುತ್ತದೆ, ಹಸಿ ವಾಸನೆ ಹೋಗುತ್ತದೆ, ಘಮ ಬರುತ್ತದೆ, ಹಿಟ್ಟು ಹೆಚ್ಚು ದಿನ ಬಾಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಚೆನ್ನಾಗಿ ಹುರಿದ ಹಿಟ್ಟಿಗೆ ತನ್ನದೇ ಆದ ಒಂದು ನವಿರಾದ ಸಿಹಿ ಇರುತ್ತದೆ. ಅದರ ರುಚಿ ನಾಲಿಗೆಗೆ ತಿಳಿಯಬೇಕಾದರೆ ಬೆಲ್ಲ ಮಿತಿಯಲ್ಲಿರಬೇಕು.

ಹೆಸರೊಂದೇ, ಧಾನ್ಯ ಎರಡು

ಬಾರ್ಲಿಯ ವಿಷಯದಲ್ಲಿ ನಮ್ಮ ಭಾಗದಲ್ಲಿ ಒಂದು ಗೊಂದಲವಿದೆ. ಅದನ್ನು ಮೊದಲು ಬಿಡಿಸಿಕೊಳ್ಳುವುದು ಒಳ್ಳೆಯದು. ಕನ್ನಡದ ಪುಸ್ತಕಗಳಲ್ಲಿ ಬಾರ್ಲಿಯನ್ನು ಜವೆ ಅಥವಾ ಜವೆಗೋಧಿ ಎಂದು ಬರೆಯುತ್ತಾರೆ. ಸಂಸ್ಕೃತದ ಯವ ಎಂಬುದೇ ಜವೆ. ಆದರೆ ಅಂಗಡಿಯಲ್ಲಿ ಜವೆಗೋಧಿ ಎಂದು ಕೇಳಿದರೆ ಅನೇಕ ಕಡೆ ಕೊಡುವುದು ಬೇರೆ ಧಾನ್ಯವನ್ನು. ಅದು ನಮ್ಮ ಹುಗ್ಗಿಯ ಗೋಧಿ. ಹಿರಿಯರು ಅದನ್ನು ಸದಕ ಎನ್ನುತ್ತಾರೆ, ಗಡಿಭಾಗದಲ್ಲಿ ಖಪಲಿ ಎಂಬ ಮರಾಠಿ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಇದು ಗೋಧಿಯ ಒಂದು ಹಳೆಯ ಜಾತಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ, ಕೃಷ್ಣೆಯ ಮೇಲ್ಭಾಗದ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಇದನ್ನು ಬೆಳೆಯುತ್ತ ಬಂದಿದ್ದಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಎಂಬ ಸದಕದ ತಳಿಗಳನ್ನು ಬಿಡುಗಡೆ ಮಾಡಿದೆ. ಬಾರ್ಲಿಯಾದರೋ ಹೆಚ್ಚಾಗಿ ರಾಜಸ್ಥಾನ, ಉತ್ತರ ಪ್ರದೇಶಗಳ ಬೆಳೆ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಸಿಗುವುದು ಸಿಪ್ಪೆ ತೆಗೆದು ಪಾಲಿಶ್ ಮಾಡಿದ ಬಿಳಿ ಬಾರ್ಲಿ. ಉರಿಮೂತ್ರಕ್ಕೆ ಗಂಜಿ ಮಾಡಿ ಕುಡಿಯಲು ತರುವುದು ಇದನ್ನೇ.

ಎರಡಕ್ಕೂ ಒಂದು ಹೋಲಿಕೆಯುಂಟು. ಸದಕಕ್ಕೂ ಸಾಮಾನ್ಯ ಬಾರ್ಲಿಗೂ ಸಿಪ್ಪೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಕುಟ್ಟಿಯೇ ಬಿಡಿಸಬೇಕು. ಟಿಬೆಟಿನ ಬಾರ್ಲಿ ಮಾತ್ರ ಸಿಪ್ಪೆ ಸುಲಭವಾಗಿ ಕಳಚುವ ಜಾತಿ. ಆದ್ದರಿಂದ ಅವರಿಗೆ ಪಾಲಿಶ್ ಮಾಡದ ಇಡೀ ಕಾಳಿನ ಹಿಟ್ಟು ಸಲೀಸಾಗಿ ದೊರೆಯುತ್ತದೆ.

ಪೋಷಕಾಂಶದ ಲೆಕ್ಕ ಹೀಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಬಾರ್ಲಿಯಲ್ಲಿ ಸುಮಾರು 11 ಗ್ರಾಂ ಸಸಾರಜನಕ, 15 ಗ್ರಾಂಗೂ ಮಿಕ್ಕಿ ನಾರಿನಂಶವಿದೆ. ಜೋಳದಲ್ಲಿ ಎರಡೂ ಸುಮಾರು 10 ಗ್ರಾಂ. ಬಿಸ್ಕೀಟಿನ ಮೂಲವಾದ ಮೈದಾದಲ್ಲಿ ಸಸಾರಜನಕ 10 ಗ್ರಾಂ ಇದ್ದರೂ ನಾರು 3 ಗ್ರಾಂ ಕೂಡ ಇಲ್ಲ. ಹಿಟ್ಟಿನ ಮಟ್ಟಿಗೆ ಹೇಳುವುದಾದರೆ ಬಾರ್ಲಿ, ಸದಕ, ಜೋಳ ಯಾವುದಾದರೂ ಮೈದಾಕ್ಕಿಂತ ಎಷ್ಟೋ ಮೇಲು. ಮುಂಡಗೋಡದ ಕಡೆ ಹೋದವರು ತ್ಸಾಂಪಾ ಸಿಕ್ಕರೆ ತಂದು ರುಚಿ ನೋಡಲಿ. ಆದರೆ ಅದಕ್ಕಾಗಿಯೇ ಹುಡುಕಿಕೊಂಡು ಹೋಗಬೇಕಾಗಿಲ್ಲ, ನಮ್ಮ ಹೊಲದ ಸದಕವನ್ನೂ ಜೋಳವನ್ನೂ ಹೀಗೆಯೇ ಹುರಿದು ಬೀಸಬಹುದು.

ಪಾಕದ ಲೆಕ್ಕ

ಈಗ ಬೆಲ್ಲಕ್ಕೆ ಬರೋಣ. ನಮ್ಮಲ್ಲಿ ಉಂಡಿ ಕಟ್ಟುವ ಸಾಮಾನ್ಯ ಅಳತೆ ಹಿಟ್ಟಿನಷ್ಟೇ ಬೆಲ್ಲ. ಪಾಕವೇ ಉಂಡಿಯನ್ನು ಹಿಡಿದಿಡಬೇಕಾದ್ದರಿಂದ ಬೆಲ್ಲ ಕಡಿಮೆ ಮಾಡಿದರೆ ಉಂಡಿ ಒಡೆಯುತ್ತದೆ ಎಂಬ ಭಯ ಗೃಹಿಣಿಯರಿಗೆ. 200 ಗ್ರಾಂ ಹಿಟ್ಟು, 200 ಗ್ರಾಂ ಬೆಲ್ಲ, 100 ಗ್ರಾಂ ಶೇಂಗಾ ಪುಡಿ, 100 ಗ್ರಾಂ ತುಪ್ಪ ಹಾಕಿ ಉಂಡಿ ಕಟ್ಟಿದರೆ ತೂಕದಲ್ಲಿ ಮೂರರಲ್ಲಿ ಒಂದು ಪಾಲು ಬೆಲ್ಲವೇ ಆಯಿತು. ಬೆಲ್ಲದಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಸಕ್ಕರೆಯೇ ಇರುತ್ತದೆ. ಮಕ್ಕಳು ಸಾಮಾನ್ಯವಾಗಿ ತಿನ್ನುವ ಗ್ಲೂಕೋಸ್ ಬಿಸ್ಕೀಟಿನಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ ಸಕ್ಕರೆ ಇರುವುದುಂಟು. ಪೊಟ್ಟಣದ ಹಿಂಬದಿ ಓದಿದರೆ ಇದು ತಿಳಿಯುತ್ತದೆ. ಹಾಗಾದರೆ ಸಕ್ಕರೆಯ ಮಟ್ಟಿಗೆ ನಮ್ಮ ಮನೆಯ ಉಂಡಿ ಬಿಸ್ಕೀಟಿಗಿಂತ ಮೇಲಾಗಲಿಲ್ಲ, ಒಂದು ಕೈ ಹೆಚ್ಚೇ ಆಯಿತು! ನಾರು, ಶೇಂಗಾ, ಎಳ್ಳು ಇವುಗಳ ಒಳ್ಳೆಯತನ ಇದ್ದೇ ಇದೆ. ಆದರೆ "ಎಷ್ಟು ತಿಂದರೂ ನಡೆಯುತ್ತದೆ" ಎಂಬ ಮಾತು ನಿಲ್ಲುವುದಿಲ್ಲ.

ಬೆಲ್ಲ ಸಕ್ಕರೆಯಲ್ಲವಲ್ಲ ಎಂದು ವಾದಿಸುವವರಿದ್ದಾರೆ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಕೆಲವು ಲವಣಗಳಿರುವುದು ನಿಜ. ಆದರೆ ರಕ್ತದಲ್ಲಿನ ಸಕ್ಕರೆಯನ್ನು ಏರಿಸುವುದರಲ್ಲಿ, ಹಲ್ಲು ಹುಳುಕಾಗಿಸುವುದರಲ್ಲಿ ಬೆಲ್ಲ ಮತ್ತು ಸಕ್ಕರೆಗೆ ಹೆಚ್ಚಿನ ಅಂತರವಿಲ್ಲ. ಕಾಕವಿಗೂ ಇದೇ ಮಾತು. ಗಾಣದ ಊರಿನಲ್ಲಿ ಈ ಮಾತು ಹಿಡಿಸದಿರಬಹುದು, ಆದರೂ ಹೇಳಲೇಬೇಕು. ಬೆಲ್ಲ ಕೊಳ್ಳುವಾಗ ಇನ್ನೊಂದು ಎಚ್ಚರ: ಬಂಗಾರದಂತೆ ಹೊಳೆಯುವ ತಿಳಿ ಹಳದಿ ಬೆಲ್ಲಕ್ಕೆ ಬಣ್ಣ ತರಲು ಗಂಧಕದ ರಾಸಾಯನಿಕಗಳನ್ನು ಬಳಸುವುದುಂಟು. ಗಾಢ ಬಣ್ಣದ ಬೆಲ್ಲವನ್ನೇ ಆರಿಸುವುದು ಲೇಸು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯಂತೆ ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇಕಡ 10ಕ್ಕಿಂತ ಕಡಿಮೆ ಇಂಥ ಬೆರೆಸಿದ ಸಕ್ಕರೆಯಿಂದ ಬರಬೇಕು. ಶೇಕಡ 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ಬೇಕಾದ ದೊಡ್ಡವರಿಗೆ ಇದು 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. 1500 ಕ್ಯಾಲೊರಿ ಬೇಕಾದ ಶಾಲೆಯ ಮಗುವಿಗೆ ಸುಮಾರು 37 ಗ್ರಾಂ ಮತ್ತು 19 ಗ್ರಾಂ. ಚಹಾ, ಹಾಲಿನ ಸಕ್ಕರೆ, ಚಾಕಲೇಟು, ತಂಪು ಪಾನೀಯ ಎಲ್ಲವೂ ಈ ಲೆಕ್ಕದೊಳಗೇ ಬರಬೇಕು. ಹಳೆಯ ಅಳತೆಯ ಎರಡು ಉಂಡಿ ತಿಂದರೆ ಮಗುವಿನ ಒಳ್ಳೆಯ ಮಿತಿ ಅಲ್ಲಿಗೇ ಮುಗಿಯುತ್ತ ಬಂತು.

ಪಾಕವಿಲ್ಲದ ಉಂಡಿ

ಟಿಬೆಟಿನವರ ಕ್ರಮವನ್ನು ನಮ್ಮ ರುಚಿಗೆ ಹೀಗೆ ಹೊಂದಿಸಿಕೊಳ್ಳಬಹುದು.

ಮೊದಲು ಹಿಟ್ಟು. ಅರ್ಧ ಕಿಲೋ ಬಾರ್ಲಿ ಅಥವಾ ಕುಟ್ಟಿದ ಸದಕವನ್ನು ತೊಳೆದು, ನೀರು ಬಸಿದು, ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ. ಮೇಲಿನ ತೇವ ಆರಿದ ಬಳಿಕ ದಪ್ಪ ತಳದ ಬಾಣಲೆಯಲ್ಲಿ ಒಂದೊಂದೇ ಹಿಡಿಯಷ್ಟು ಹಾಕಿ ಮಧ್ಯಮ ಉರಿಯಲ್ಲಿ ಕೈಬಿಡದೆ ಹುರಿಯಿರಿ. ಕಾಳು ಚಟಚಟ ಎಂದು, ಘಮ ಬಂದು, ತಿಳಿ ಕಂದು ಬಣ್ಣಕ್ಕೆ ತಿರುಗಿದರೆ ಸಾಕು. ಒಂದು ಕಾಳನ್ನು ಕಚ್ಚಿ ನೋಡಿದರೆ ಕರುಂ ಎನ್ನಬೇಕು, ಒಳಗೆ ಹಸಿ ಇರಬಾರದು. ಕಪ್ಪಾಗುವವರೆಗೆ ಹುರಿಯಬೇಡಿ. ಸುಟ್ಟ ಧಾನ್ಯ ಕಹಿಯಾಗುವುದಲ್ಲದೆ, ಅತಿಯಾಗಿ ಹುರಿದ ಪಿಷ್ಟದಲ್ಲಿ ಬೇಡದ ಪದಾರ್ಥಗಳೂ ಉಂಟಾಗುತ್ತವೆ. ಪೂರ್ತಿ ಆರಿದ ಮೇಲೆ ಗಿರಣಿಯಲ್ಲೋ ಮಿಕ್ಸರಿನಲ್ಲೋ ಬೀಸಿ. ಜರಡಿ ಹಿಡಿದು ತೌಡು ಚೆಲ್ಲಬೇಡಿ, ನಾರಿನ ಹೆಚ್ಚಿನ ಪಾಲು ಅಲ್ಲೇ ಇರುವುದು.

ಹಿಟ್ಟನ್ನು ಒಣ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿಡಿ. ಬೇಸಿಗೆಯಲ್ಲಿ ಒಂದು ತಿಂಗಳು, ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಆಗುವಷ್ಟು ಮಾತ್ರ ಮಾಡಿಕೊಳ್ಳಿ. ಮುಗ್ಗಲು ವಾಸನೆ ಅಥವಾ ಕಮಟು ವಾಸನೆ ಬಂದ ಹಿಟ್ಟನ್ನು "ಹಾಳಾಗುತ್ತದೆ" ಎಂಬ ಸಂಕಟದಿಂದ ಉಂಡಿಗೆ ಹಾಕಬೇಡಿ. ಬೂಷ್ಟು ಹಿಡಿದ ಧಾನ್ಯದ, ಶೇಂಗಾದ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಇನ್ನು ಉಂಡಿ. ಹುರಿದ ಹಿಟ್ಟು 200 ಗ್ರಾಂ, ಹುರಿದು ಕುಟ್ಟಿದ ಶೇಂಗಾ ಪುಡಿ 100 ಗ್ರಾಂ, ಹುರಿದ ಎಳ್ಳು 50 ಗ್ರಾಂ, ತುಪ್ಪ 50 ಗ್ರಾಂ, ಕೆರೆದ ಬೆಲ್ಲ 75 ಗ್ರಾಂ, ಹಾಲು ಅರ್ಧ ಬಟ್ಟಲು, ಏಲಕ್ಕಿ ಪುಡಿ ಸ್ವಲ್ಪ. ಕುದಿಸಿ ಆರಿಸಿದ ಉಗುರು ಬೆಚ್ಚಗಿನ ಹಾಲಿನಲ್ಲಿ ಬೆಲ್ಲವನ್ನು ಕರಗಿಸಿ ಸೋಸಿ. ಹಿಟ್ಟು, ಶೇಂಗಾ, ಎಳ್ಳು, ಏಲಕ್ಕಿಗೆ ತುಪ್ಪ ಹಾಕಿ ಬೆರಳಿನಿಂದ ಉಜ್ಜಿ. ಆಮೇಲೆ ಬೆಲ್ಲದ ಹಾಲನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತ ನಾದಿ. ಹುರಿದ ಹಿಟ್ಟು ದ್ರವವನ್ನು ಬೇಗ ಹೀರುತ್ತದೆ, ಐದು ನಿಮಿಷ ಮುಚ್ಚಿಟ್ಟರೆ ಉಂಡಿ ಕಟ್ಟಲು ಬರುವ ಹದಕ್ಕೆ ಬರುತ್ತದೆ. ಚಿಕ್ಕ ನಿಂಬೆಹಣ್ಣಿನ ಗಾತ್ರದ ಇಪ್ಪತ್ತು ಉಂಡಿಗಳಾಗುತ್ತವೆ. ಒಂದೊಂದರಲ್ಲಿ ಬೆಲ್ಲ ನಾಲ್ಕು ಗ್ರಾಂಗಿಂತ ಕಡಿಮೆ. ಅದೇ ಗಾತ್ರದ ಹಳೆಯ ಅಳತೆಯ ಉಂಡಿಯಲ್ಲಿ ಒಂಬತ್ತು ಗ್ರಾಂಗಿಂತ ಹೆಚ್ಚು.

ಹಾಲು ಹಾಕಿದ ಉಂಡಿಯನ್ನು ಅಂದೇ ತಿಂದು ಮುಗಿಸಬೇಕು. ಇದು ದೋಷವಲ್ಲ, ಗುಣವೇ. ಡಬ್ಬಿ ತುಂಬ ಉಂಡಿ ಇದ್ದರೆ ಹೋಗುತ್ತ ಬರುತ್ತ ಕೈ ಹೋಗುತ್ತದೆ. ಹಿಟ್ಟು ಡಬ್ಬಿಯಲ್ಲಿದ್ದು, ಬೇಕಾದಾಗ ನಾಲ್ಕೇ ಉಂಡಿ ಕಟ್ಟಿದರೆ ಮಿತಿ ತಾನಾಗಿ ಉಳಿಯುತ್ತದೆ. ವಾರಗಟ್ಟಲೆ ಇರಬೇಕೆಂದರೆ ಹಾಲು ಬಿಟ್ಟು, ಶೇಂಗಾವನ್ನು ಎಣ್ಣೆ ಬಿಡುವಂತೆ ಕುಟ್ಟಿ, ಆ ಜಿಡ್ಡಿನಲ್ಲೇ ಬೆಲ್ಲದ ಪುಡಿ ಸೇರಿಸಿ ಒತ್ತಿ ಕಟ್ಟಬೇಕು. ಪಾಕದ ಉಂಡಿಯಷ್ಟು ಗಟ್ಟಿ ಬರುವುದಿಲ್ಲ. ಹಲ್ಲಿಲ್ಲದ ಅಜ್ಜ ಅಜ್ಜಿಯರಿಗೆ ಅದೇ ಹಿತ.

ಚಹಾದಲ್ಲಿ ನಾದುವ ಪದ್ಧತಿಯನ್ನು ಮಾತ್ರ ನಾವು ಅನುಸರಿಸುವುದು ಬೇಡ. ಅವರ ಬೆಣ್ಣೆ ಚಹಾಕ್ಕೆ ಉಪ್ಪು ಹಾಕುತ್ತಾರೆ, ರಕ್ತದೊತ್ತಡವಿರುವವರಿಗೆ ಅದು ಒಳ್ಳೆಯದಲ್ಲ. ಅಲ್ಲದೆ ಚಹಾ ಆಹಾರದಲ್ಲಿನ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಉಂಡಿ ತಿಂದು ಒಂದು ಗಂಟೆ ಬಿಟ್ಟು ಚಹಾ ಕುಡಿಯುವುದು ಮೇಲು.

ಇದು ಔಷಧಿಯಲ್ಲ

ಬಾರ್ಲಿಯಲ್ಲಿ ಬೀಟಾ ಗ್ಲೂಕಾನ್ ಎಂಬ, ನೀರಿನಲ್ಲಿ ಕರಗುವ ನಾರು ಇದೆ. ಇದು ಕರುಳಿನಲ್ಲಿ ಅಂಟಿನಂತಾಗಿ ಕೊಲೆಸ್ಟರಾಲ್ ತಗ್ಗಿಸಲು ನೆರವಾಗುತ್ತದೆ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ಈ ಕೆಲಸಕ್ಕೆ ಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2006ರಲ್ಲಿ ಬಾರ್ಲಿಯ ವಿಷಯದಲ್ಲಿ ಒಪ್ಪಿಕೊಂಡಿದೆ. ಈ ನಾರು ಕಾಳಿನ ಒಳಗೆಲ್ಲ ಹರಡಿರುವುದರಿಂದ ಪಾಲಿಶ್ ಮಾಡಿದ ಬಾರ್ಲಿಯಲ್ಲೂ ಉಳಿದಿರುತ್ತದೆ.

ಆದರೆ ಲೆಕ್ಕ ಹಾಕಿ ನೋಡಿ. ನಮ್ಮ ಒಂದು ಉಂಡಿಯಲ್ಲಿರುವುದು 10 ಗ್ರಾಂ ಹಿಟ್ಟು. ಅದರಲ್ಲಿ ಬೀಟಾ ಗ್ಲೂಕಾನ್ ಸುಮಾರು ಅರ್ಧ ಗ್ರಾಂ. 3 ಗ್ರಾಂ ಬೇಕೆಂದರೆ ಆರು ಉಂಡಿ ತಿನ್ನಬೇಕು, ಜೊತೆಗೆ 22 ಗ್ರಾಂ ಬೆಲ್ಲ, 15 ಗ್ರಾಂ ತುಪ್ಪವೂ ಹೊಟ್ಟೆಗೆ ಹೋಗುತ್ತದೆ. ಕೊಲೆಸ್ಟರಾಲ್ ಇಳಿಸಲು ಬಾರ್ಲಿ ಬೇಕೆನ್ನುವವರು ಅದನ್ನು ಅಂಬಲಿಯಾಗಿ, ಕಿಚಡಿಯಾಗಿ, ರೊಟ್ಟಿಯ ಹಿಟ್ಟಿನಲ್ಲಿ ಬೆರೆಸಿ ತಿನ್ನಲಿ. ಉಂಡಿಯನ್ನು ತಿನಿಸೆಂದೇ ತಿನ್ನಲಿ.

ಸಕ್ಕರೆ ಕಾಯಿಲೆಯವರಿಗೂ ಇದೇ ಮಾತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಇಂಥ ಕುಟುಂಬಗಳನ್ನೇ ಗುರಿಯಾಗಿಟ್ಟು ಬಾರ್ಲಿ, ಖಪಲಿ, ಸಿರಿಧಾನ್ಯ ಎಂಬ ಹೆಸರಿನ ಲಾಡುಗಳು ಅಂಗಡಿಗೆ ಬಂದಿವೆ. ಸಕ್ಕರೆ ಇಲ್ಲ ಎಂದು ದೊಡ್ಡಕ್ಷರದಲ್ಲಿ ಬರೆದು, ಒಳಗಿನ ಬೆಲ್ಲ, ಖರ್ಜೂರ, ಜೇನುತುಪ್ಪವನ್ನು ಸಣ್ಣಕ್ಷರದಲ್ಲಿ ಬರೆಯುವುದುಂಟು. ಇಡೀ ಬಾರ್ಲಿಯನ್ನು ಬೇಯಿಸಿ ತಿಂದಾಗ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ ಎಂಬುದು ನಿಜ. ಆದರೆ ಅದನ್ನೇ ಹುರಿದು ನುಣ್ಣಗೆ ಬೀಸಿ, ಬೆಲ್ಲ ಬೆರೆಸಿದಾಗ ಆ ನಿಧಾನ ಅಷ್ಟಾಗಿ ಉಳಿಯುವುದಿಲ್ಲ. ಸದಕದಲ್ಲಿ ನಾರು ಹೆಚ್ಚು, ಆದರೂ ಅದು ಪಿಷ್ಟದ ಧಾನ್ಯವೇ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ಬೆಲ್ಲವನ್ನು ಪೂರ್ತಿ ಬಿಟ್ಟು, ಶೇಂಗಾ, ಎಳ್ಳು, ಏಲಕ್ಕಿಯ ರುಚಿಯಲ್ಲೇ ಒಂದು ಉಂಡಿ ತಿನ್ನಬಹುದು. ಅದನ್ನೂ ಊಟದ ಲೆಕ್ಕದಲ್ಲಿ ಹಿಡಿದು, ಆ ಹೊತ್ತಿನ ರೊಟ್ಟಿ ಅನ್ನವನ್ನು ಅಷ್ಟು ಕಡಿಮೆ ಮಾಡಬೇಕು. "ಖಪಲಿ ತಿನ್ನುತ್ತಿದ್ದೇನಲ್ಲ" ಎಂದು ಮಾತ್ರೆ ಬಿಟ್ಟವರು ಕಾಲಿನ ಹುಣ್ಣು, ಕಣ್ಣಿನ ತೊಂದರೆಯ ತನಕ ಹೋಗುವ ಸಂಭವವಿದೆ. ಮಾತ್ರೆ ಬಿಡುವ ತೀರ್ಮಾನ ವೈದ್ಯರದು.

ಯಾರಿಗೆ ಎಷ್ಟು?

ಈ ಅಳತೆಯ ಒಂದು ಉಂಡಿಯಲ್ಲಿ ಸುಮಾರು 110 ಕ್ಯಾಲೊರಿ ಇದೆ. ಬಿಸಿಲಿನಲ್ಲಿ ದಿನವಿಡೀ ಕಬ್ಬು ಕಡಿಯುವವರಿಗೆ, ಆಟವಾಡುವ ಹುಡುಗರಿಗೆ, ಮೈಕೈ ಸೊರಗಿದ ಬಾಣಂತಿಗೆ ಎರಡು ಮೂರು ಉಂಡಿ ಚೆನ್ನಾದ ಆಹಾರ. ಅಂಗಡಿಯ ಗಲ್ಲೆಯ ಮುಂದೆ, ಕಚೇರಿಯ ಮೇಜಿನ ಮುಂದೆ ಕೂತವರಿಗೆ ಒಂದು ಸಾಕು. ನಿಪ್ಪಾಣಿಯ ಕಡೆ ಬೀಡಿ ಕಟ್ಟುವ, ತಂಬಾಕು ಆರಿಸುವ ತಾಯಂದಿರು ಉಂಡಿ ಕಟ್ಟುವ ಮೊದಲು, ಮಕ್ಕಳಿಗೆ ತಿನ್ನಿಸುವ ಮೊದಲು ಸಾಬೂನಿನಿಂದ ಕೈ ಚೆನ್ನಾಗಿ ತೊಳೆದುಕೊಳ್ಳಬೇಕು. ತಂಬಾಕಿನ ಪುಡಿ ಉಗುರಿನ ಸಂದಿಯಲ್ಲಿ ಉಳಿದಿರುತ್ತದೆ.

ಆರು ತಿಂಗಳು ತುಂಬಿದ ಮಗುವಿಗೆ ಹುರಿದ ಹಿಟ್ಟನ್ನು ಗಂಜಿಯಾಗಿ ಬೇಯಿಸಿ ಕೊಡಬಹುದು. ಎರಡು ವರ್ಷ ತುಂಬುವವರೆಗೆ ಬೆಲ್ಲವೂ ಬೇಡ, ಸಕ್ಕರೆಯೂ ಬೇಡ. ಚಿಕ್ಕ ಮಕ್ಕಳಿಗೆ ಒಣ ಹಿಟ್ಟು, ಗಟ್ಟಿ ಉಂಡಿ, ಇಡೀ ಶೇಂಗಾ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಬಾರ್ಲಿಯಲ್ಲೂ ಸದಕದಲ್ಲೂ ಗ್ಲುಟೆನ್ ಇದೆ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯವರಿಗೆ ಇವೆರಡೂ ಕೂಡದು, ಅಂಥವರು ಜೋಳದ ಅಳ್ಳಿಟ್ಟನ್ನು ಮನೆಯಲ್ಲೇ ಬೀಸಿ ಮಾಡಿಕೊಳ್ಳಲಿ. ಶೇಂಗಾ ತಿಂದರೆ ಮೈ ತುರಿಸುವ, ಉಸಿರು ಕಟ್ಟುವ ಮಕ್ಕಳಿಗೆ ಶೇಂಗಾ ಬದಲು ಪುಟಾಣಿ ಪುಡಿ ಹಾಕಿ.

ಶಾಲೆಯಲ್ಲಿ, ಮನೆಯಲ್ಲಿ

2025ರ ಮೇ ತಿಂಗಳಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ ತನ್ನ ವ್ಯಾಪ್ತಿಯ ಶಾಲೆಗಳಿಗೆ ಸಕ್ಕರೆ ಫಲಕಗಳನ್ನು ಹಾಕಲು ಸೂಚಿಸಿತು. ಯಾವ ತಿನಿಸಿನಲ್ಲಿ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಮಕ್ಕಳಿಗೆ ಕಾಣುವಂತೆ ಬರೆದು ತೋರಿಸುವ ಫಲಕಗಳಿವು. ಒಳ್ಳೆಯ ಕೆಲಸ. ನಮ್ಮ ಐದೂ ತಾಲ್ಲೂಕುಗಳ ಕನ್ನಡ, ಮರಾಠಿ ಶಾಲೆಗಳ ಗುರುಗಳೂ ಯಾರ ಆದೇಶಕ್ಕೂ ಕಾಯದೆ ಇಂಥ ಫಲಕವೊಂದನ್ನು ಬರೆಸಿ ಹಾಕಬಹುದು. ಒಂದು ಮಾತು ಮಾತ್ರ ಮರೆಯಬಾರದು: ಆ ಫಲಕದಲ್ಲಿ ಬಿಸ್ಕೀಟು, ತಂಪು ಪಾನೀಯಗಳ ಜೊತೆಗೆ ಮನೆಯ ಉಂಡಿ, ಚಿಕ್ಕಿ, ಹೋಳಿಗೆಗಳೂ ಇರಲಿ. ಅಂಗಡಿಯ ಸಕ್ಕರೆಯನ್ನು ಬೈದು ಮನೆಯ ಬೆಲ್ಲವನ್ನು ಬಿಟ್ಟರೆ ಲೆಕ್ಕ ಅರ್ಧವೇ ಆಗುತ್ತದೆ.

ಕಬ್ಬು ಬೆಳೆಯುವ ರೈತನಿಗೆ ಇದರಿಂದ ನಷ್ಟವಾಗುತ್ತದೆ ಎಂಬ ಆತಂಕ ಬೇಡ. ಚಿಕ್ಕೋಡಿಯ ಮನೆಯೊಂದು ಉಂಡಿಗೆ ನೂರು ಗ್ರಾಂ ಬೆಲ್ಲ ಕಡಿಮೆ ಹಾಕಿದ್ದರಿಂದ ಕಬ್ಬಿನ ದರ ಇಳಿಯುವುದಿಲ್ಲ. ಆದರೆ ಆ ಮನೆಯ ಮಗುವಿನ ಹಲ್ಲು, ಅಜ್ಜನ ಕಾಲು ಉಳಿಯಬಹುದು. ಹಬ್ಬದ ದಿನ ಪಾಕದ ಉಂಡಿ, ಹೋಳಿಗೆ ಎಲ್ಲವೂ ಇರಲಿ, ಬೇಡವೆನ್ನುವವರು ಯಾರು? ಅದು ವರ್ಷದಲ್ಲಿ ಕೆಲವೇ ದಿನ. ಮಾತು ಬಂದಿರುವುದು ನಿತ್ಯದ ಡಬ್ಬಿಯ ತಿನಿಸಿನದು. ಅಲ್ಲಿ ನಾಲ್ಕು ಪಾಲು ಹಿಟ್ಟು, ಶೇಂಗಾ, ಎಳ್ಳು, ಒಂದು ಪಾಲು ಬೆಲ್ಲ ಎಂಬ ಅಳತೆ ರೂಢಿಯಾಗಲಿ. ಮೊದಲ ವಾರ ಮಕ್ಕಳು "ಸಪ್ಪೆ" ಎನ್ನಬಹುದು. ಒಮ್ಮೆಲೇ ಇಳಿಸದೆ ಪ್ರತಿ ಸಲವೂ ಒಂದೊಂದು ಚಮಚ ಬೆಲ್ಲ ಕಡಿಮೆ ಮಾಡುತ್ತ ಬನ್ನಿ. ಒಂದೆರಡು ತಿಂಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ, ಆಗ ಹುರಿದ ಹಿಟ್ಟಿನ ಘಮವೇ ಅವರಿಗೆ ಸಿಹಿಯಾಗಿ ತೋರುತ್ತದೆ. ಮುಂದಿನ ಸಲ ಉಂಡಿ ಕಟ್ಟಲು ಕೂತಾಗ ಅಂದಾಜಿಗೆ ಬೆಲ್ಲ ಸುರಿಯುವ ಬದಲು ಒಮ್ಮೆ ತೂಗಿ ನೋಡಿ. ಈ ವಾರ ಅಷ್ಟು ಮಾಡಿದರೆ ಸಾಕು.